ಮಾಸದ ಕಾಲರು

ಬೆಳಕು ಹರಿಯುವ ಮೊದಲೇ ಇಸ್ತ್ರಿಯಕ್ಕ ನೀರು ಹಿಡಿದು, ಕಸ ಗುಡಿಸಿ, ಅತ್ತೆಗೆ ಮಾತ್ರೆ ನುಂಗಿಸಿ, ಮೂರು ಡಬ್ಬಿ ಕಟ್ಟಿ, ಗಂಡ ಬಿಚ್ಚೆಸೆದ ಅಂಗಿ ನೆನೆಹಾಕಿ, ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ ಊದುತ್ತಿದ್ದಳು. ಗಂಡ ಎದ್ದ ಮೇಲಷ್ಟೇ ಆ ಮನೆಯಲ್ಲಿ ಬೆಳಗಾಯಿತೆಂದು ಲೆಕ್ಕ.

ಬೀದಿ ತಿರುವಿನ ಅವಳ ಮೇಜಿಗೆ ಬಟ್ಟೆಗಿಂತ ಸುದ್ದಿಯೇ ಹೆಚ್ಚು ಬರುತ್ತಿತ್ತು. ಇಪ್ಪತ್ತು ವರ್ಷ ಕೇಳಿ ಕೇಳಿ ಅವಳಿಗೊಂದು ತಿಳಿದಿತ್ತು: ಸುದ್ದಿಯನ್ನು ಪೂರ್ತಿ ಹೇಳಿದರೆ ಜನ ಆಕಳಿಸುತ್ತಾರೆ, ಅರ್ಧ ನುಂಗಿದರೆ ಕಿವಿ ನಿಮಿರಿಸುತ್ತಾರೆ. 'ನನಗೇನೂ ಗೊತ್ತಿಲ್ಲಪ್ಪ' ಅಂದರಂತೂ ಒಲೆ ಮೇಲಿನ ಹಾಲನ್ನೂ ಮರೆತು ನಿಲ್ಲುತ್ತಾರೆ.

ಮೂಲೆಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಟೀಚರಮ್ಮನ ಗಂಟಿನಲ್ಲಿ ಗಂಡನ ಅಂಗಿಗಳೂ ಬರುತ್ತಿದ್ದವು. ಎರಡು ತಿಂಗಳಿಂದ ಹಳೆಯವು ಮಾಯ. ವಾರ ವಾರವೂ ಅವೇ ಐದು ಹೊಸವು. ಮುದುಡಿರುತ್ತಿದ್ದವು, ಕಾಲರಿನಲ್ಲಿ ಮಾತ್ರ ಗೆರೆಯಿಲ್ಲ. ಕುತ್ತಿಗೆ ಸೋಕಿದ ಅಂಗಿಯಲ್ಲಿ ಎಷ್ಟು ಒಗೆದರೂ ಮಾಸಲು ಗೆರೆ ಉಳಿಯುತ್ತದೆ. ತನ್ನನ್ನು ಪರೀಕ್ಷಿಸಲು ಟೀಚರಮ್ಮ ಇಸ್ತ್ರಿಯಾದದ್ದನ್ನೇ ಮುದುರಿ ಕಳಿಸುತ್ತಿದ್ದಾಳೋ ಏನೋ ಎಂದು ಇಸ್ತ್ರಿಯಕ್ಕನಿಗೆ ಮೊದಲು ಗುಮಾನಿಯಾಯಿತು. ಆಮೇಲೆ ಹೊಳೆಯಿತು: ತೊಡುವವನೇ ಮನೆಯಲ್ಲಿಲ್ಲ.

ಕೆಳಗಿನ ಮನೆಯೊಡತಿ ಗಂಡನಿಲ್ಲದ ಹೆಣ್ಣಿಗೆ ಮನೆ ಕೊಡುವವಳಲ್ಲ. ಗೊತ್ತಾದರೆ ಟೀಚರಮ್ಮನೂ ಮಗಳೂ ಬೀದಿಗೆ.

ಆವತ್ತು ಮನೆಯೊಡತಿ ತಾನೇ ಟೀ ಹಿಡಿದು ಬಂದಳು.

"ಇಸ್ತ್ರಿಯಕ್ಕಾ, ಮೇಲಿನ ಯಜಮಾನರು ಕಣ್ಣಿಗೇ ಬೀಳಲ್ವಲ್ಲ?"

"ರಾತ್ರಿ ಪಾಳಿಯಂತೆ ಅಮ್ಮಾ. ಅವರ ಅಂಗಿ ತೋಳು ಬಲು ಮೊಂಡು. ಮೊದಲು ನೀರು ಚಿಮುಕಿಸ್ಬೇಕು, ಆಮೇಲೆ ಒಳಮಗ್ಗುಲು, ಆಮೇಲೆ ಹೊರಮಗ್ಗುಲು, ಆಮೇಲೆ ಗುಂಡಿ ಸುತ್ತ..."

ಮನೆಯೊಡತಿ ಆಕಳಿಸಿದಳು. ಆದರೂ ಕದಲಲಿಲ್ಲ.

"ಸಂಜೆ ಆ ಗಂಟು ನನ್ನ ಕೈಲೇ ಕೊಡು. ಅಂಗಿ ಎಂಥವೋ, ನಾನೂ ಒಂದ್ಸಲ ಬಿಚ್ಚಿ ನೋಡ್ತೀನಿ."

"ನಿಮ್ಮ ಯಜಮಾನರ ಅಂಗಿ ನೋಡೋಕೇ ಬಿಡುವಿಲ್ಲ ಅಂತಿದ್ರಿ?"

"ಅದು ನೋಡಿದ್ದೇ ಬಿಡು."

ಅವಳು ಹೋದ ಮೇಲೆ ಇಸ್ತ್ರಿಯಕ್ಕ ಐದೂ ಅಂಗಿ ಹರವಿ ನಿಂತಳು. ಮನೆಯೊಡತಿಯ ಕಣ್ಣಿಗೆ ಮಾಸದ ಒಂದು ಕಾಲರು ಸಾಕು. ಗೆರೆಯೊಂದಿದ್ದರೆ ಅವಳಿಗೆ ನೋಡಲು ಏನೂ ಇರುವುದಿಲ್ಲ. ಟೀಚರಮ್ಮನಿಗೆ ಹೇಳಿಯೇ ಗೆರೆ ಹಾಕೋಣವೆಂದರೆ, ಗುಟ್ಟು ಇವಳಿಗೂ ಗೊತ್ತೆಂದು ಆ ಹೆಣ್ಣು ಇನ್ನಷ್ಟು ಹೆದರಿಯಾಳು. ಹೇಳದೆ ಹಾಕಿದರೆ, ಹೊಸ ಅಂಗಿ ಕೆಡಿಸಿದ ಅಪವಾದ. ಈ ಮೇಜಿನಿಂದ ಒಂದು ಬಟ್ಟೆಯೂ ಕಲೆಯಾಗಿ ಹೋದದ್ದಿಲ್ಲ.

ಬೀದಿ ಖಾಲಿಯಾಗುವವರೆಗೆ ಕಾದಳು. ಲೋಟದ ತಳದ ಟೀಗೆ ನೀರು ಬೆರೆಸಿ, ಬೆರಳದ್ದಿ, ಕಾಲರುಗಳ ಒಳಮಡಿಕೆಗೆ ಸವರಿದಳು. ಒಂದಕ್ಕೆ ತುಸು ದಟ್ಟ, ಒಂದಕ್ಕೆ ತೆಳು. ಮೇಲೆ ಬಿಸಿ ಪೆಟ್ಟಿಗೆ ಒತ್ತಿ ಹಿಡಿದಳು.