ಎಲೆಯ ಮುಂದೆ ಕೇಳಿದ ಮಾತು

ಮೊಮ್ಮಗಳು ಕಾಲೇಜು ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ. ಬೆಳಿಗ್ಗೆಯಿಂದ ಬೀದಿಗೆಲ್ಲ ಸಕ್ಕರೆ ಹಂಚಿ ನನ್ನ ಕೈಯೆಲ್ಲ ಅಂಟಂಟು. ಮೂರನೇ ಕ್ಲಾಸಿಗೇ ನಿಂತವಳು ನಾನು, ಆದರೂ ಇವತ್ತು ಬರೆಯದಿದ್ದರೆ ಎದೆ ಒಡೆದೀತು. ಹೋದ ವರುಷ ಇವಳು ಫೇಲಾಗಿದ್ದಳು. ಅದಕ್ಕೇ ಈ ಹಳೇ ಕತೆ.

ಬಿಳಿಯರ ಕಾಲ, ಸಾವಿರದ ಒಂಬೈನೂರ ಮೂವತ್ತರ ಆಚೀಚೆ, ನಾನಿನ್ನೂ ಚಿಕ್ಕವಳು. ಕೊಯಮತ್ತೂರಲ್ಲಿ ನಾವು ಮಗ್ಗ ಹಾಕಿಕೊಂಡಿದ್ದ ಮನೆ ವಕ್ಫಿನದು. ಯಾರೋ ಪುಣ್ಯಾತ್ಮ ಸಾಯಬರು ಆ ಸಾಲುಮನೆಗಳನ್ನು ದೇವರ ಹೆಸರಿಗೆ ಬರೆದು, ಬಾಡಿಗೆಯಲ್ಲಿ ಕಾಲೇಜು ಓದುವ ಬಡ ಮುಸ್ಲಿಂ ಹುಡುಗರಿಗೆ ಅನ್ನ ಹಾಕಿ ಅಂತ ಹೇಳಿ ಸತ್ತಿದ್ದರು. ಅದನ್ನು ನಡೆಸುತ್ತಿದ್ದ ರಾವುತ್ತರು ಬಲು ನಿಯತ್ತಿನವರು. ಮಸೀದಿಯ ಜಮಾತಿಗೆ ಕಾಗದದ ಲೆಕ್ಕ ಕೊಡುವರು. ಬಾಡಿಗೆ ಕೊಡುವ ನಮಗೆ ವರುಷಕ್ಕೊಮ್ಮೆ ಹುಡುಗರನ್ನೇ ಕರೆತಂದು ತೋರಿಸುವರು. ಅವ್ವ ಜಗಲಿಯಲ್ಲಿ ಎಲೆ ಹಾಕಿ ಬಡಿಸುವಳು.

ಒಂದು ವರುಷ ಬಂದವನು ಒಬ್ಬನೇ, ಯೂನಿವರ್ಸಿಟಿ ಪರೀಕ್ಷೆಯಲ್ಲಿ ಫೇಲಾದವನು. ಪರೀಕ್ಷೆ ಹೊತ್ತಿಗೆ ಚಳಿಜ್ವರ ಬಂದಿತ್ತಂತೆ. ಬೀದಿಯವರೆಲ್ಲ ಮಗ್ಗ ಬಿಟ್ಟು ಬಂದರು, ಫೇಲಾದವನ ಮುಖ ನೋಡಬೇಕಲ್ಲ. ಅಲ್ಲಿ ಅನ್ನಕ್ಕೆ ಸೋರು ಅನ್ನುವರು; ಪುಕ್ಕಟೆ ಸೋರು ರುಚಿಯಾಗಿತ್ತಾ ತಂಬೀ ಅಂತ ಒಬ್ಬ ಕೇಳಿ ಎಲ್ಲರನ್ನೂ ನಗಿಸಿದ. ಹುಡುಗ ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದ. ರಾವುತ್ತರು ಅಪ್ಪನ ಕಡೆ ತಿರುಗಿದರು. ಹುಡುಗನನ್ನು ಹೆದರಿಸಬೇಕು ಅಂತಷ್ಟೇ ಅವರ ಮನಸ್ಸಲ್ಲಿದ್ದದ್ದು.

"ಚೆಟ್ಟಿಯಾರೇ, ಇವನು ತಿಂದದ್ದು ನಿಮ್ಮ ಬಾಡಿಗೆ. ಇನ್ನೊಂದು ವರುಷ ಅನ್ನ ಹಾಕಲಾ, ಬೇಡವಾ? ನೀವೇ ಹೇಳಿ."

ಹುಟ್ಟಿದಾಗಿನಿಂದ ಅಪ್ಪನನ್ನು ಯಾರೂ ಯಾವುದಕ್ಕೂ ಕೇಳಿದ್ದಿಲ್ಲ. ನೂಲು ಕೊಡುವ ಸಾಹುಕಾರ ಬಾಗಿಲ ಹೊರಗೆ ನಿಲ್ಲಿಸಿಯೇ ಮಾತಾಡುವನು. ಅಪ್ಪ ಹೆಗಲ ತುಂಡುಬಟ್ಟೆ ಸರಿಮಾಡಿಕೊಂಡು, ಒಂದೊಂದು ಮಾತಿನ ರುಚಿ ನೋಡಿದ ಹಾಗೆ ಮೆಲ್ಲಗೆ ಹೇಳಿದ.

"ಬ್ಯಾಡ ರಾವುತ್ತರೇ. ನಾ ನೇಯ್ದ ಸೀರೆ ಕೆಟ್ರೆ ನಂಗ್ಯಾರು ಸೋರು ಹಾಕ್ತಾರೆ? ನಿಲ್ಸಿ."

ರಾವುತ್ತರ ಮುಖ ಬಿಳುಚಿತು. ಹತ್ತು ಜನರ ಮುಂದೆ ಕೇಳಿಬಿಟ್ಟ ಮಾತು, ಹಿಂದಕ್ಕೆ ತೆಗೆಯಲಾಗಲಿಲ್ಲ. ಹುಡುಗ ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಟ್ಟ. ಉಣ್ಣಪ್ಪಾ ಅಂದಳು ಅವ್ವ. ಅವನು ಎಲೆ ಮಡಚಿ, ತಾನೇ ಎತ್ತಿ ಎಸೆದು ಬಂದು, ಅಪ್ಪನಿಗೆ ಸಲಾಂ ಮಾಡಿ ಹೋದ. ಆಮೇಲೆ ಅವನನ್ನು ನಾನು ಕಂಡದ್ದು ಸೂಲೂರು ದಾರಿಯಲ್ಲಿ, ಅವನು ಹತ್ತಿ ಮೂಟೆ ಹೊರುತ್ತಿದ್ದಾಗ. ಅಪ್ಪ ಮಾತ್ರ ಸಾಯುವವರೆಗೂ, ಅಷ್ಟು ದೊಡ್ಡವರು ನನ್ನ ಮಾತು ಕೇಳಿದರು ಅಂತ ಬಂದವರಿಗೆಲ್ಲ ಹೇಳಿ ಹಿಗ್ಗುತ್ತಿದ್ದ.

ಹೋದ ವರುಷ ಊಟಕ್ಕೆ ಕೂತಾಗ ನನ್ನ ಮಗ ಕೇಳಿದ, ಇವಳನ್ನು ಇನ್ನೂ ಓದಿಸೋದಾ, ನಿಲ್ಲಿಸೋದಾ, ನೀನೇ ಹೇಳವ್ವಾ ಅಂತ. ಮೊಮ್ಮಗಳ ಕೈ ಎಲೆಯ ಮೇಲೆ ಹಾಗೇ ನಿಂತಿತು.

"ಮೊದ್ಲು ಅವ್ಳು ಉಣ್ಲಿ," ಅಂದೆ. "ಉಂಡು ತಿರುಗಾ ಪರೀಕ್ಷೆ ಬರೀಲಿ."