ಡ್ರ್ಯಾಗ್ ಕಾರಿಗೆ ಘಾಟ್ ಗೇರು ಕೇಳಿದ ಬಸು

ಗೆಳೆಯರೇ, ಹನ್ನೆರಡು ಪುಟದ ಇಂಟರ್‌ನೆಟ್ ಪ್ರಿಂಟೌಟು ಒಂದು ತುಂಡು ಸೀಮೆಸುಣ್ಣಕ್ಕೆ ಸೋತದ್ದನ್ನು ಇವತ್ತು ಹಳೇ ಹುಬ್ಬಳ್ಳಿಯಲ್ಲಿ ಕಣ್ಣಾರೆ ಕಂಡೆ.

ನನ್ನ ಗೆಳೆಯ ಬಸುವಿನದು ನೇರ ರಸ್ತೆಯ ಗಿಡ್ಡ ರೇಸಿಗೆ ಓಡಿಸುವ ಆಟೋಮ್ಯಾಟಿಕ್ ಡ್ರ್ಯಾಗ್ ಕಾರು, ಸಾಲದ್ದಕ್ಕೆ ಎಂಜಿನ್‌ಗೆ ದಿಢೀರ್ ಜೋರು ಕೊಡುವ ನೈಟ್ರಸ್ ಗ್ಯಾಸ್ ಬೇರೆ. ಹಿಂದಿನ ಆಕ್ಸಲ್‌ಗೆ ಇನ್ನೂ ಹೆಚ್ಚು ಎಳೆಯುವ ಗೇರು ಹಾಕಿಸಲು, ಆ ಪ್ರಿಂಟೌಟು ಹಿಡಿದು, ಮೆಕ್ಯಾನಿಕ್ ದಸ್ತಗೀರ ಕಾಕಾರ ಬಳಿ ಹೋದ; ಜೊತೆಗೆ ನಾನೂ ಇದ್ದೆ. ಕಾಕಾ ಲಾರಿ ಆಕ್ಸಲ್ ಬಿಚ್ಚುತ್ತಲೇ ಕೂದಲು ನೆರೆಸಿಕೊಂಡವರು. ಪ್ರಿಂಟೌಟು ಮುಟ್ಟಲಿಲ್ಲ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಚಕ್ರ ಒಂದು ಸುತ್ತು ಬರಲು ಎಂಜಿನ್ ಕಡೆಯಿಂದ ಬರುವ ಶಾಫ್ಟು ಎಷ್ಟು ಸುತ್ತುತ್ತದೆಂದು ಕೈಯಿಂದಲೇ ತಿರುಗಿಸಿ ಎಣಿಸಿ, ಈಗಿರುವ ಗೇರು ಎಂಥದ್ದೆಂದು ತಿಳಿದುಕೊಂಡರು.

“ರೇಸಿನ್ಯಾಗ ಎಲ್ಲಿ ಸೋಲ್ತಿ?”

“ಕೊನೀಗ್ರಿ ಕಾಕಾ. ಗೆರಿ ಮುಟ್ಟೂದರಾಗ ಎಂಜಿನ್ ಪೂರಾ ಚೀರತೈತಿ, ಗಾಡಿ ಮುಂದ ಓಡೂದಿಲ್ಲ.”

“ಹಂಗಾರ ನಿನಗ ಬೇಕಾಗಿದ್ದು ಇದರ ಉಲ್ಟಾ, ಎಳೆತ ಕಡಿಮಿ, ಓಟ ಜಾಸ್ತಿ ಇರೋ ಗೇರು. ಗಾಡಿ ಬಿಡುವಾಗ ಬೇಕಾದ ಜೋರು ನಿನ್ನ ಗ್ಯಾಸೇ ಕೊಡತೈತಿ. ನೀ ಕೇಳಾಕತ್ತಿದ್ದು ಅರಬೈಲ್ ಘಾಟ್ ಏರೋ ಲಾರಿ ಗೇರು. ನಿನ್ನ ರೇಸಿನ್ಯಾಗ ಘಾಟ್ ಐತೇನು?”

ಪ್ರಿಂಟೌಟಿನ ಹನ್ನೊಂದನೇ ಪುಟದಲ್ಲೂ ಇದೇ ಇತ್ತು. ಬಸು ಅಲ್ಲಿಯವರೆಗೆ ಓದಿರಲಿಲ್ಲ.

“ಖರೇ ಅದ ಕಾಕಾ, ನೀವು ಹೇಳಿದ್ದ ಹಾಕ್ರಿ. ರೇಸ್ ನೋಡಾಕ ಬರ್ರಿ, ಹನ್ನೆರಡು ಸೆಕೆಂಡಿನ್ಯಾಗ ಆ ತುದಿ ಮುಟ್ಟತೇನಿ” ಎಂದ.

“ಅಷ್ಟು ಲಗೂ ಹೋಗಿ ಅಲ್ಲೇನ್ ಮಾಡ್ತಿ?” ಎನ್ನುತ್ತ ಕಾಕಾ ಗೇರೇ ಇಲ್ಲದ ತಮ್ಮ ಸೈಕಲ್ ಹತ್ತಿ ಊಟಕ್ಕೆ ಹೊರಟರು.

ಬಸು ಇನ್ನೂ ಉತ್ತರ ಹುಡುಕುತ್ತಿದ್ದಾನೆ. ಪ್ರಿಂಟೌಟಿನಲ್ಲಂತೂ ಇಲ್ಲ, ಹನ್ನೆರಡೂ ಪುಟ ನಾನೇ ಓದಿ ನೋಡಿದೆ.