ಬಾಳೆಹಣ್ಣಿನ ಕೊಕ್ಕೆ

ನಮ್ಮ ಅಡುಗೆಮನೆಯ ಕಿಟಕಿಯ ಮೇಲ್ಗಡೆ ಒಂದು ಕೊಕ್ಕೆ ಇದೆ. ಉಕ್ಕಿನದು, ಎರಡು ಬಾಗಿನದು, ಹೆಬ್ಬೆರಳಿನಷ್ಟು ದಪ್ಪ. ಅದರಲ್ಲಿ ಸದಾ ಒಂದು ಚಿಪ್ಪು ಕದಳಿ ಬಾಳೆಹಣ್ಣು ತೂಗುತ್ತಿರುತ್ತದೆ. ಬಂದವರು ನೋಡಿ, ಬಾಳೆಹಣ್ಣಿಗೆ ಇಷ್ಟು ಗಟ್ಟಿ ಕೊಕ್ಕೆ ಯಾಕೆ ಎಂದು ನಗುತ್ತಾರೆ. ನೀವು ನಕ್ಕರೂ ನನಗೆ ಬೇಸರವಿಲ್ಲ. ಆದರೆ ಒಂದು ಲೋಟ ಚಹಾ ಕುಡಿಯುವಷ್ಟು ಪುರುಸೊತ್ತಿದ್ದರೆ ಅದರ ಕತೆ ಕೇಳಿಯೇ ಹೋಗಿ. ನಾನು ಮಂಗಳೂರಿನ ಫಳ್ನೀರಿನ ಆಸ್ಪತ್ರೆಗಳಲ್ಲಿ ಆಯುಷ್ಯ ಸವೆಸಿದ ನರ್ಸು. ಈ ಕೊಕ್ಕೆ ಆಂಬುಲೆನ್ಸಿನ ಚಾವಣಿಯಲ್ಲಿ ಸಲೈನ್ ಬಾಟಲಿ ತೂಗುಹಾಕಲು ಇದ್ದದ್ದು.

ನನ್ನ ಗಂಡ ವಿಲ್ಲಿಗೆ ಒಂದು ಹುಚ್ಚಿತ್ತು. ಹುಚ್ಚು ಎನ್ನುವುದು ನಾನು. ಅವರು ಅದನ್ನು ಮೂಲ ಎನ್ನುತ್ತಿದ್ದರು. ನಾವು ಕೊಂಕಣಿ ಮಾತನಾಡುವ ಕ್ರೈಸ್ತರು. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಗೋವಾ ಬಿಟ್ಟು ಕಡಲಿನ ಅಂಚು ಹಿಡಿದು ದಕ್ಷಿಣಕ್ಕೆ ಬಂದವರೆಂಬುದು ನಮ್ಮಲ್ಲಿ ಮನೆಮನೆಯ ಮಾತು. ಉಳಿದವರು ಅದನ್ನು ಮದುವೆ ಊಟದಲ್ಲಿ ಒಮ್ಮೆ ಹೇಳಿ ಸುಮ್ಮನಾಗುತ್ತಾರೆ, ವಿಲ್ಲಿ ಸುಮ್ಮನಾಗಲಿಲ್ಲ. ಕುವೈಟಿನಲ್ಲಿ ದುಡಿಯುವಾಗ ಅವರ ಬಾಯಲ್ಲಿ ಊರು ಎಂದರೆ ಮಂಗಳೂರು. ಹಿಂದೆ ಬಂದು ಇದೇ ಮಂಗಳೂರಿನ ಕುಲಶೇಖರದಲ್ಲಿ ಮನೆ ಕಟ್ಟಿ ಕೂತ ಮೇಲೆ ಊರು ಎಂದರೆ ಗೋವಾ. ತಾವು ಎಲ್ಲಿ ಇಲ್ಲವೋ ಅದೇ ಅವರ ಊರು. ಈ ‘ಊರು’ ಎಂಬ ಮಾತೇ ವಿಚಿತ್ರ ನೋಡಿ: ನಾಮಪದವಾಗಿ ತಣ್ಣಗೆ ಕೂತಿರುತ್ತದೆ, ಎಬ್ಬಿಸಿದರೆ ಕ್ರಿಯಾಪದ. ಕಾಲು ಊರು, ಕೋಲು ಊರು, ಬೀಜ ಊರು. ಏನನ್ನಾದರೂ ಊರಿದ ಜಾಗವೇ ಊರು, ಗೋವಾದಲ್ಲಿ ನಾವು ಊರಿದ್ದು ಏನೂ ಇಲ್ಲ ಎಂದು ನಾನು ವಾದಕ್ಕೆ ನಿಂತರೆ, ನಿನ್ನದು ಎಲ್ಲದಕ್ಕೂ ಒಂದು ಕೊಕ್ಕೆ ಎಂದು ಅವರು ಎದ್ದು ಹೋಗುತ್ತಿದ್ದರು.

ಬಾಗಿಲು ಮುಚ್ಚಿದ ಒಂದು ನರ್ಸಿಂಗ್ ಹೋಮಿನ ಹಳೆಯ ಆಂಬುಲೆನ್ಸು ಮಾರಾಟಕ್ಕಿದೆ ಎಂದು ತೊಕ್ಕೊಟ್ಟಿನಲ್ಲಿ ಗ್ಯಾರೇಜು ಇಟ್ಟಿರುವ ಅಶ್ರಫ್ ಹೇಳಿದ್ದೇ ತಡ, ವಿಲ್ಲಿ ಅದನ್ನು ತಂದರು. ಅದನ್ನು ಓಡುವ ಮನೆಯಾಗಿ ಮಾಡಿ, ಹಿರಿಯರು ನಡೆದು ಬಂದ ದಾರಿಯಲ್ಲಿ ಉಲ್ಟಾ ಹೋಗಿ ಮೂಲ ಮುಟ್ಟಬೇಕೆಂಬುದು ಅವರ ಲೆಕ್ಕಾಚಾರ. ಅಶ್ರಫ್ ಸ್ಟ್ರೆಚರಿನ ಜಾಗದಲ್ಲಿ ಮಂಚ ಕೂರಿಸಿದ, ಆಕ್ಸಿಜನ್ ಇದ್ದಲ್ಲಿ ಗ್ಯಾಸ್ ಒಲೆ ಇಟ್ಟ, ಕೆನೆ ಬಣ್ಣ ಹೊಡೆದ. ಚಾವಣಿಯ ಕೊಕ್ಕೆಗೆ ಬಂದಾಗ ಮಾತ್ರ ನನ್ನನ್ನು ಕರೆದ. “ಇದು ಇರ್ಲಿ ಸಿಸ್ಟರ್, ತೆಗೆದ್ರೆ ಚಾವಣಿಯಲ್ಲಿ ತೂತು ಬೀಳ್ತದೆ. ಬಾಳೆಹಣ್ಣಾದ್ರೂ ನೇತು ಹಾಕ್ಲಿಕ್ಕೆ ಆಗ್ತದೆ,” ಎಂದ. ನನ್ನ ನಾದಿನಿ ಗಾಡಿಯ ಒಳಗೆ ಕಾಲಿಡಲಿಲ್ಲ. ಇದರಲ್ಲಿ ಎಷ್ಟು ಜನ ಜೀವ ಬಿಟ್ಟಿರಬಹುದು ಎಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಬದುಕಿದವರೂ ಇದರಲ್ಲೇ ಹೋದದ್ದು ಎಂದು ನಾನು ಚಿಪ್ಪು ಬಾಳೆಹಣ್ಣು ತಂದು ಕೊಕ್ಕೆಗೆ ಸಿಕ್ಕಿಸಿದೆ.

ಬಾಳೆಹಣ್ಣು ಜಾಕಿಗಾಗಿ. ನಮ್ಮ ಹಿತ್ತಿಲ ಬಿಂಬುಲಿ ಮರದಡಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೆಳೆದು ದೊಡ್ಡದಾದ ನಾಯಿ ಅದು. ತಳಿ ಕೇಳಬೇಡಿ, ದಾರಿಯಲ್ಲಿ ಸಿಕ್ಕಿದ್ದು, ಕಂದು ಬಣ್ಣದ್ದು, ಒಂದು ಕಿವಿ ಮಡಚಿದ್ದು. ಮೀನಿನ ನಾಡಿನಲ್ಲಿ ಹುಟ್ಟಿಯೂ ಬಾಳೆಹಣ್ಣಿಗೆ ಜೀವ ಬಿಡುತ್ತಿತ್ತು. ನಮಗೆ ಮಕ್ಕಳಿಲ್ಲ ಎಂದರೆ ಜನ ಜಾಕಿಯ ಕಡೆ ನೋಡಿ ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು, ಅದು ನನಗೆ ಮಹಾ ಸಿಟ್ಟು. ನಾಯಿ ಯಾರ ಬದಲಿಗೂ ಬಂದದ್ದಲ್ಲ. ನಾಯಿಯಾಗಿಯೇ ಬಂದು ನಾಯಿಯಾಗಿಯೇ ಇತ್ತು. ಕನ್ನಡ, ತುಳು ಅದರ ಕಿವಿಗೆ ಬರೀ ಸದ್ದು. ಕೊಂಕಣಿ ಮಾತ್ರ ಮಾತು. ಸಂಜೆಯ ತಿರುಗಾಟದ ಕೊನೆಯಲ್ಲಿ ವಿಲ್ಲಿ “ಘರಾ ವಚ್ಯಾಂ”, ಮನೆಗೆ ಹೋಗೋಣ, ಎಂದರೆ ಸಾಕು, ಎಷ್ಟೇ ದಣಿದಿದ್ದರೂ ಅವರನ್ನೇ ಎಳೆದುಕೊಂಡು ಗೇಟಿನವರೆಗೆ ಓಡುತ್ತಿತ್ತು. ಈಚೆಗೆ ಮುದಿಯಾಗಿತ್ತು. ಬಿಟ್ಟುಹೋಗಲು ಮನಸ್ಸಾಗದೆ ಕರೆದುಕೊಂಡೇ ಹೊರಟೆವು.

ಕ್ರಿಸ್ಮಸ್ ಮುಗಿದ ಮೇಲೆ, ಬಿಸಿಲು ಹಿತವಾಗಿರುವ ದಿನಗಳಲ್ಲಿ ಹೊರಟದ್ದು. ಮೂಲದ ಹಳ್ಳಿಯಲ್ಲಿ ನಮ್ಮ ಮನೆತನದ್ದೇ ಹೆಸರಿನ ಒಬ್ಬರು ಮುದುಕರಿದ್ದಾರೆಂದು ವಿಲ್ಲಿ ಪತ್ತೆ ಹಚ್ಚಿದ್ದರು. ನಿಮ್ಮ ಹಿರಿಯರ ಪಾಳು ಬಿದ್ದ ಮನೆಯ ಬಾವಿಯೊಂದು ಉಳಿದಿದೆ, ಅದು ಎಲ್ಲಿದೆ ಎಂದು ಈಗ ತನಗೊಬ್ಬನಿಗೇ ಗೊತ್ತು, ಬೇಗ ಬನ್ನಿ ಎಂದು ಆ ಮುದುಕರು ಫೋನಿನಲ್ಲಿ ಹೇಳಿದ್ದರು. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ನೋಡುತ್ತ ಗಾಡಿಯ ಹಿಂಬಾಗಿಲು ತೆರೆದಿಟ್ಟು ಗಂಜಿ ಉಂಡೆವು. ಜಾಕಿ ಎರಡು ನೀರನ್ನೂ ಮೂಸಿ ನೋಡಿ ಎರಡನ್ನೂ ಬೇಡವೆಂದಿತು. ದಾರಿಯಲ್ಲಿ ಒಂದೇ ಮುಜುಗರ. ಮುಂದಿನವರ ಕನ್ನಡಿಯಲ್ಲಿ ನೇರ ಕಾಣಲೆಂದು ತಿರುಗುಮುರುಗಾಗಿ ಬರೆದಿದ್ದ ‘ಆಂಬುಲೆನ್ಸ್’ ಎಂಬ ಹಳೆಯ ಅಕ್ಷರಗಳು ಕೆನೆ ಬಣ್ಣದಡಿಯಿಂದ ಮಸುಕಾಗಿ ಇಣುಕುತ್ತಿದ್ದವು. ಅದನ್ನು ಕಂಡು ಬಸ್ಸು, ಲಾರಿಗಳೂ ಬದಿಗೆ ಸರಿದು ನಮಗೆ ದಾರಿ ಬಿಡುತ್ತಿದ್ದವು. ಒಳಗೆ ಬಾಳೆಹಣ್ಣು ತೂಗಿಸಿಕೊಂಡು ಆ ಮರ್ಯಾದೆ ಪಡೆಯಲು ನನಗೆ ನಾಚಿಕೆಯಾಗುತ್ತಿತ್ತು.

ಕಾರವಾರ ತಲುಪಿದ ಬೆಳಿಗ್ಗೆ ಜಾಕಿ ಬಾಳೆಹಣ್ಣು ಕಂಡು ಮುಖ ತಿರುಗಿಸಿತು. ಪ್ರಯಾಣದ ಆಯಾಸ ಎಂದರು ವಿಲ್ಲಿ. ನಾನು ಅದರ ತುಟಿ ಎತ್ತಿ ವಸಡು ನೋಡಿದೆ, ಬಾಯಿಯ ವಾಸನೆ ನೋಡಿದೆ. ನನಗೆ ತಿಳಿಯಿತು, ದಾರಿಯಲ್ಲಿ ಕೇಳಿ ಗಾಡಿಯನ್ನು ಪಶು ಆಸ್ಪತ್ರೆಗೆ ಬಿಡಿಸಿದೆ. ಪಶುವೈದ್ಯರು ಒಳ್ಳೆಯವರು. ರಕ್ತ ಪರೀಕ್ಷೆ ಮಾಡಿ, ಎರಡೂ ಮೂತ್ರಪಿಂಡ ಸೋತಿವೆ ಎಂದರು. ಸಲೈನ್ ಹಚ್ಚಿ ಅದರ ತಲೆ ಸವರಿ, “ಮನೆಗೆ ಕರ್ಕೊಂಡು ಹೋಗಿ ಅಮ್ಮಾ,” ಎಂದರು.

ಈ ಮಾತು ನನಗೆ ಹೊಸತಲ್ಲ. ವಾರ್ಡಿನಲ್ಲಿ ಇದಕ್ಕೆ ಎರಡು ಅರ್ಥ. ಗುಣವಾಯಿತು, ಇನ್ನು ಹೆದರಿಕೆಯಿಲ್ಲ ಎನ್ನುವಾಗಲೂ ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ನಮ್ಮ ಕೈಯಲ್ಲಿ ಇನ್ನೇನೂ ಇಲ್ಲ ಎನ್ನುವಾಗಲೂ ಅದನ್ನೇ ಎನ್ನುತ್ತಾರೆ. ಹೇಳಿದವರ ಮುಖ ನೋಡಿ ಯಾವುದೆಂದು ಅರ್ಥ ಮಾಡಿಕೊಳ್ಳಬೇಕು. ಎಷ್ಟೋ ಮಂದಿ ಮೊದಲನೆಯ ಅರ್ಥ ಹಿಡಿದುಕೊಂಡು ಸಂತೋಷದಿಂದ ಬಟ್ಟೆಬರೆ ಕಟ್ಟುವುದನ್ನು ನಾನು ಕಂಡಿದ್ದೇನೆ, ತಡೆದದ್ದಿಲ್ಲ. ಕೊನೆಗೆ ಎರಡರಲ್ಲೂ ಉಳಿಯುವುದು ಮನೆ ಒಂದೇ ತಾನೆ.

ವಿಲ್ಲಿಗೆ ಅರ್ಥವಾಗಿತ್ತು. ಗಾಡಿಯ ಹೊರಗೆ ನಿಂತು ಕಾಳಿ ನದಿಯ ಸೇತುವೆಯ ಕಡೆ ನೋಡುತ್ತಿದ್ದರು. ಅದನ್ನು ದಾಟಿದರೆ ಗೋವಾ ದೂರವಲ್ಲ. ಬೆಳಿಗ್ಗೆಯೇ ಆ ಮುದುಕರ ಫೋನು ಬಂದಿತ್ತು. ಅಡುಗೆಗೆ ಹೇಳಿದ್ದೇನೆ ಎಂದಿದ್ದರು. ಹೋಗಿ ಬಾವಿ ನೋಡಿ ಹಿಂತಿರುಗುವಷ್ಟು ಹೊತ್ತು ಜಾಕಿ ತಡೆಯಬಹುದಿತ್ತು, ತಡೆಯದೆಯೂ ಇರಬಹುದಿತ್ತು. ಅವರು ನನ್ನ ಮುಖ ನೋಡಿದರು. ಒಂದು ಕೊಕ್ಕೆ ಹಾಕಲಿ ಎಂದು ಕಾಯುತ್ತಿದ್ದರೋ ಏನೋ. ಅಂದು ನಾನು ಹಾಕಲಿಲ್ಲ. ಆಯುಷ್ಯವಿಡೀ ಆಸೆಪಟ್ಟದ್ದನ್ನು ಬೇಡ ಎನ್ನಲು ನಾನು ಯಾರು?

ಅವರು ಒಳಗೆ ಹತ್ತಿದರು, ನೆಲದ ಮೇಲೆ ಕೂತು ಮಡಚಿದ ಆ ಕಿವಿಯ ಹತ್ತಿರ ಬಾಗಿದರು.

“ಜಾಕಿ, ಘರಾ ವಚ್ಯಾಂ.”

ಬೆಳಗಿನಿಂದ ತಲೆ ಎತ್ತದಿದ್ದ ನಾಯಿ ಬಾಲವನ್ನು ಒಮ್ಮೆ ಹಲಗೆಗೆ ಬಡಿಯಿತು. ನನಗೆ ಅಳು ತಡೆಯಲಾಗಲಿಲ್ಲ. ಆ ಎರಡು ಮಾತನ್ನು ವಿಲ್ಲಿ ಸಾವಿರ ಸಂಜೆ ಹೇಳಿದ್ದರು, ಆದರೆ ತಾವು ಏನು ಹೇಳುತ್ತಿದ್ದೇವೆಂದು ಅವರು ಕೇಳಿಸಿಕೊಂಡದ್ದು ಅಂದೇ ಎಂದು ಕಾಣುತ್ತದೆ. ಗಾಡಿ ದಕ್ಷಿಣಕ್ಕೆ ತಿರುಗಿತು.

ಬಾಳೆಹಣ್ಣು ಇಳಿಸಿ ಕೊಕ್ಕೆಗೆ ಬಾಟಲಿ ತೂಗುಹಾಕಿದೆ. ದಾರಿಯುದ್ದಕ್ಕೂ ಹನಿಯ ಮೇಲೆ ಕಣ್ಣಿಟ್ಟು, ಒಂದು ಕೈ ಜಾಕಿಯ ಎದೆಯ ಮೇಲಿಟ್ಟು ಕೂತೆ. ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ. ಹೋಗುವಾಗ ಹೆಸರು ಓದಿ ಸಂಭ್ರಮಪಟ್ಟ ಊರುಗಳೆಲ್ಲ ಈಗ ದಾಟಬೇಕಾದ ಊರುಗಳಷ್ಟೆ. ಮತ್ತೆ ವಾಹನಗಳು ಬದಿಗೆ ಸರಿದವು. ಈ ಬಾರಿ ನಾಚಿಕೆಯಾಗಲಿಲ್ಲ. ನಮ್ಮ ಹಿರಿಯರು ಇದೇ ದಾರಿಯಲ್ಲಿ ಬಂದಾಗ ಅವರ ತೋಳಿನಲ್ಲೂ ಯಾವುದಾದರೂ ಜೀವ ಹೀಗೆ ಮಿಡಿಯುತ್ತಿದ್ದಿರಬೇಕು; ಅವರು ನೆನೆಯುತ್ತಿದ್ದದ್ದು ಬಿಟ್ಟ ಬಾವಿಯನ್ನಲ್ಲ, ಮುಂದೆ ಎಲ್ಲಾದರೂ ಇದನ್ನು ಮಲಗಿಸಲು ಜಾಗ ಸಿಕ್ಕೀತೇ ಎಂಬುದನ್ನು ಎಂದು ನನಗೆ ಅನಿಸಿತು.

ಇಗರ್ಜಿಯ ಸಂಜೆಯ ಗಂಟೆ ಹೊಡೆಯುವಾಗ ಕುಲಶೇಖರ ಮುಟ್ಟಿದೆವು. ಗೇಟು ತೆರೆಯುವ ಕಿರುಗುಟ್ಟುವಿಕೆ ಕೇಳಿ ಜಾಕಿ ಮೂಗು ಎತ್ತಿತು. ವಿಲ್ಲಿ ಎತ್ತಿಕೊಂಡು ಹೋಗಿ ಬಿಂಬುಲಿ ಮರದಡಿ ಇಳಿಸಿದರು. ತನ್ನದೇ ಬಟ್ಟಲಿನಿಂದ ನೀರು ಕುಡಿಯಿತು, ಒಗೆಯುವ ಕಲ್ಲಿಗೆ ಬೆನ್ನು ತಾಗಿಸಿ ಮಲಗಿತು. ಆ ವಾರ ದಾಟಲಿಲ್ಲ. ಆದರೆ ಬಂದು ಮುಟ್ಟಿತು.

ಮಳೆಗಾಲದಲ್ಲಿ ಗೋವಾದ ಆ ಮುದುಕರೂ ತೀರಿಕೊಂಡರು. ಬಾವಿ ಎಲ್ಲಿದೆ ಎಂದು ಹೇಳುವವರು ಇನ್ನಿಲ್ಲ. ಗಾಡಿಯನ್ನು ಅಶ್ರಫನಿಗೇ ಹಿಂದೆ ಕೊಟ್ಟೆವು. ಕೊಡುವ ಮುಂಚೆ ವಿಲ್ಲಿ ಸ್ಪ್ಯಾನರ್ ಹಿಡಿದು, ಚಾವಣಿಯಲ್ಲಿ ತೂತು ಬಿದ್ದರೆ ಬೀಳಲಿ ಎಂದು ಕೊಕ್ಕೆ ಬಿಚ್ಚಿ ತಂದರು. ಮೊನ್ನೆ ಒಂದು ಮದುವೆಯಲ್ಲಿ ಎದುರು ಕೂತವರು ನಿಮ್ಮ ಮೂಲ ಎಲ್ಲಿ ಎಂದು ಕೇಳಿದರು. ಈಗ ಗೋವಾದ ಪುರಾಣ ಬಿಚ್ಚುತ್ತಾರೆಂದು ನಾನು ನಿಟ್ಟುಸಿರು ಬಿಟ್ಟು ಕೂತೆ. ವಿಲ್ಲಿ ಅನ್ನ ಕಲಸುತ್ತ, “ಕುಲಶೇಖರ,” ಎಂದರು.

ಕೊಕ್ಕೆಯಲ್ಲಿ ಹೊಸ ಚಿಪ್ಪು ಹಣ್ಣಾದ ದಿನ ಮೊದಲನೆಯದನ್ನು ಅವರೇ ಕೀಳುತ್ತಾರೆ. ಸಿಪ್ಪೆ ಸುಲಿದು ಬಿಂಬುಲಿ ಮರದಡಿ ಹೋಗಿ ಸ್ವಲ್ಪ ಹೊತ್ತು ನಿಂತು, ಕೊನೆಗೆ ತಾವೇ ತಿಂದು ಬರುತ್ತಾರೆ. ಜಾಕಿ ಅಲ್ಲಿಯೇ ಇದೆ. ಹೂತೆವು ಎನ್ನಬೇಕು, ನನ್ನ ಬಾಯಿಗೆ ಊರಿದೆವು ಎಂದೇ ಬರುತ್ತದೆ, ವಿಲ್ಲಿ ತಿದ್ದುವುದಿಲ್ಲ.